ನಮ್ಮತ್ತೆಯವರ ತಪ್ಪೂಟ

ಯಾರಾದರೂ ಮೋಸ ಮಾಡಿದರೆ ನಿಮಗೆ ಏನಾಗುತ್ತದೆ? ಸಿಟ್ಟು ಬರುತ್ತದೆ, ಹೊಟ್ಟೆ ಉರಿಯುತ್ತದೆ, ಎರಡು ದಿನ ಅನ್ನ ಸೇರುವುದಿಲ್ಲ. ನಮ್ಮತ್ತೆಯವರಿಗೆ ಮಾತ್ರ ಅಡುಗೆ ಮಾಡಬೇಕು ಅನ್ನಿಸುತ್ತಿತ್ತು! ಸೀರೆಯ ಬಣ್ಣ ಬಿಟ್ಟಿತೋ, ತುಪ್ಪದಲ್ಲಿ ಗೆಣಸು ಸಿಕ್ಕಿತೋ, ಅವರ ಮುಖ ಅರಳಿ, ಸೆರಗು ಸೊಂಟಕ್ಕೆ ಬಿಗಿದು, "ಸರಿ, ಒಂದು ಎಲೆ ಜಾಸ್ತಿ ಕೊಯ್ಕೊಂಡು ಬಾಮ್ಮಾ" ಎನ್ನುತ್ತಿದ್ದರು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಎಂಬತ್ತು ದಾಟಿದ ನನ್ನಂಥ ಮುದುಕಿಗೆ ಉತ್ಪ್ರೇಕ್ಷೆ ಮಾಡುವಷ್ಟು ಎನರ್ಜಿ ಎಲ್ಲಿಂದ ಬರಬೇಕು?

ನಾನು ಮುಳಬಾಗಿಲಿನ ಆ ಮನೆಗೆ ಸೊಸೆಯಾಗಿ ಹೋದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಯುದ್ಧವೆಂದರೆ ನಮ್ಮ ಪಾಲಿಗೆ ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಇದ್ದಿಲು ಹೊಗೆಯಲ್ಲಿ ಓಡುವ ಬಸ್ಸು, ಅಷ್ಟೇ. ಹುಟ್ಟಿ ಬೆಳೆದದ್ದು ಚಿನ್ನದ ಗಣಿಯ ಊರಿನಲ್ಲಿ. ಅಪ್ಪ ಗಣಿ ಆಫೀಸಿನಲ್ಲಿ ಗುಮಾಸ್ತರು. ನಾನು ಕಾನ್ವೆಂಟಿನ ಹುಡುಗಿ, ಬಿಳಿ ರಿಬ್ಬನ್ನು, ಮಾರ್ನಿಂಗ್ ಪ್ರೇಯರ್, ಮಾತೆತ್ತಿದರೆ 'ಪ್ಲೀಸ್' ಮತ್ತು 'ಥ್ಯಾಂಕ್ಯೂ'. ಮುಳಬಾಗಿಲಿನಲ್ಲಿ ನನ್ನ ಇಂಗ್ಲಿಷಿಗೆ ಬೆಳ್ಳಿಯ ಗೋಕರ್ಣದ ಪಾತ್ರೆಗೆ ಸಿಗುವಷ್ಟೇ ಉಪಯೋಗ ಸಿಕ್ಕಿತು. ನೆಂಟರು ಬಂದಾಗ ಹೊರಗೆ ತೆಗೆದು ತೋರಿಸುತ್ತಿದ್ದರು, ಮತ್ತೆ ಒಳಗಿಡುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ನಗುವ ಕಥೆಯಾಗಿಬಿಡುತ್ತದೆ. ಹೆಣ್ಣು ನೋಡಲು ಬಂದ ದಿನ ಅಪ್ಪ ಕೈ ಮುಗಿದು, "ಮಗೂಗೆ ಕಾಲೇಜು ಓದೋ ಆಸೆ" ಎಂದಿದ್ದರು. ಉತ್ತರ ಹೇಳಿದ್ದು ಮಾವನವರಲ್ಲ, ನಮ್ಮವರಂತೂ ಅಲ್ಲವೇ ಅಲ್ಲ. ಅತ್ತೆಯವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಹೇಳಿದ್ದರು: "ಓದೋ ಹುಡುಗೀನ ಒಲೆ ಮುಂದೆ ಕೂರ್ಸಲ್ಲ ಕಣಣ್ಣಾ. ಬೆಂಗ್ಳೂರಿಗೆ ಕಳಿಸ್ತೀನಿ. ನನ್ ಮಾತು." ಆ ಮಾತಿನ ಮೇಲೆಯೇ ನನ್ನ ಮದುವೆ ನಿಶ್ಚಯವಾಯಿತು. ಮೊದಲನೆಯ ಜೂನ್ ಬಂತು, ಕಾಲೇಜು ತೆರೆಯಿತು, ನಾನು ಒಲೆ ಮುಂದೆ ಕೂತಿದ್ದೆ. ಎರಡನೆಯ ಜೂನಿನಲ್ಲೂ ಅದೇ ಒಲೆ. ನಮ್ಮವರು ಕೋಲಾರದಲ್ಲಿ ಸ್ಕೂಲ್ ಮೇಷ್ಟ್ರು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಕೇಳಿದರೆ, "ಅಮ್ಮ ಏನಂತಾಳೋ" ಎಂದು ಉಗುರು ನೋಡಿಕೊಳ್ಳುತ್ತಿದ್ದರು. ಅಮ್ಮನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕಾನ್ವೆಂಟಿನಲ್ಲಿ ಎಲ್ಲಾ ಕಲಿಸಿದ್ದರು, ಜಗಳವಾಡುವುದೊಂದನ್ನು ಬಿಟ್ಟು!

ಈಗ ತಪ್ಪೂಟದ ವಿಷಯಕ್ಕೆ ಬರೋಣ.

ನಮ್ಮ ಕಡೆ ಹಳ್ಳಿಯ ನ್ಯಾಯದಲ್ಲಿ ತಪ್ಪು ಮಾಡಿದವನು ಹತ್ತು ಜನಕ್ಕೆ ಊಟ ಹಾಕಿಸಬೇಕು. ಅದು ದಂಡ. ಅತ್ತೆಯವರಿಗೆ ಅದು ಹಿಡಿಸಿರಲಿಲ್ಲ. "ಅವ್ನೇ ಬೇಯ್ಸಿ ಅವ್ನೇ ಬಡ್ಸಿದ್ರೆ ಅವನಿಗೇನು ಕಷ್ಟ? ದುಡ್ಡಿದ್ದೋನು ದಿನಾ ತಪ್ಪು ಮಾಡ್ತಾನೆ" ಎಂದು ಅದನ್ನು ಬೋರಲು ಹಾಕಿದ್ದರು. ಮೋಸ ಮಾಡಿದವನು ನಮ್ಮ ಮನೆಗೆ ಬರಬೇಕು. ಎಲೆ ಮುಂದೆ ಕೂತು, ಏನು ಮೋಸ ಮಾಡಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆಮೇಲೆ ಮೋಸ ಹೋದವರ ಕೈಯಿಂದಲೇ ಬಡಿಸಿಕೊಂಡು ಉಣ್ಣಬೇಕು. ಹಣ ವಾಪಸು ಕೊಡಲು ಬಂದರೆ ಅತ್ತೆಯವರಿಗೆ ಅವಮಾನ! ಇದೇ ಅವರ ಕಾಂಪೆನ್ಸೇಶನ್ನು. "ನಮ್ಮನೆ ಉಪ್ಪು ಗಂಟ್ಲಲ್ಲಿ ಇಳೀಲಿ. ಮತ್ತೆ ಹ್ಯಾಗೆ ಮೋಸ ಮಾಡ್ತಾನೋ ನೋಡಾಣ."

ಬೀದಿಯವರು ಮೂಗು ಮುರಿದರು. ಯಾವ ಯಾವ ಜಾತಿಯವರನ್ನೋ ಹಜಾರಕ್ಕೆ ಕರೆದು ಕೂರಿಸುತ್ತೀರಲ್ಲಾ ಎಂದು ಎದುರು ಮನೆಯಾಕೆ ನೇರವಾಗಿಯೇ ಕೇಳಿದಳು. ಅತ್ತೆಯವರು ರಾಗಿ ಕೇರುತ್ತಾ ತಲೆಯನ್ನೂ ಎತ್ತಲಿಲ್ಲ. "ಮೋಸ ಹೋಗೋವಾಗ ಜಾತಿ ಕೇಳಿದ್ನೇನಮ್ಮಾ, ಊಟಕ್ಕೆ ಕೇಳಕ್ಕೆ?"

ನಾನು ಕಣ್ಣಾರೆ ಕಂಡ ಮೊದಲನೆಯ ತಪ್ಪೂಟ ಗಡಿಯ ನಂಗಲಿ ಕಡೆಯಿಂದ ಬರುತ್ತಿದ್ದ ತುಪ್ಪದವನದು. ತಲೆಯ ಮೇಲೆ ತಂಬಿಗೆ, ಬಾಯಲ್ಲಿ ತೆಲುಗು, ಮುಖದಲ್ಲಿ ಭಕ್ತಿ. ಅವನ ತುಪ್ಪ ಕಾಯಿಸಿದಾಗ ತಳದಲ್ಲಿ ಗೆಣಸಿನ ಹಿಟ್ಟು ನಿಂತಿತು. ಮುಂದಿನ ವಾರ ಬಂದವನನ್ನು ಅತ್ತೆಯವರು ಅಳಿಯನನ್ನು ಕರೆದಂತೆ ಕರೆದು ಕೂರಿಸಿದರು. ಗೆಣಸಿನ ವಿಷಯ ಒಪ್ಪಿಕೊಂಡ, ಪಾಪ, ಕಣ್ಣು ನೆಲಕ್ಕೆ ಹಾಕಿ. ಅನ್ನ ಬಂತು, ಬೇಳೆಸಾರು ಬಂತು. ಆಮೇಲೆ ಅತ್ತೆಯವರು ಅವನದೇ ತುಪ್ಪದ ಗಿಂಡಿ ಹಿಡಿದು ಬಂದರು. ತುಪ್ಪದವನು ಎರಡೂ ಕೈಯಲ್ಲಿ ಎಲೆ ಮುಚ್ಚಿ ಕೂಗಿದ:

"ಅಮ್ಮಾ, ನೆಯ್ಯಿ ವದ್ದಮ್ಮಾ! ತುಪ್ಪ ಮಾತ್ರ ಬೇಡ!"

"ವದ್ದು ಅಂದ್ರೆ ಹ್ಯಾಗಪ್ಪಾ? ನಿಂದೇ ತುಪ್ಪ! ಮನೆಯವರು ತಿನ್ನೋದನ್ನೇ ನೆಂಟರೂ ತಿನ್ಬೇಕು."

ಸುರಿದೇ ಸುರಿದರು. ಆಮೇಲೆ ಆತ ತಂದ ತುಪ್ಪದ ಘಮ ಇವತ್ತಿಗೂ ನನ್ನ ಮೂಗಿನಲ್ಲಿದೆ. ಈಗಿನ ಡಬ್ಬಿ ತುಪ್ಪದ ಮುಚ್ಚಳ ತೆಗೆದಾಗಲೆಲ್ಲ ನನಗೆ ಅವನನ್ನು ಊಟಕ್ಕೆ ಕರೆಯೋಣ ಅನ್ನಿಸುತ್ತದೆ.

ಕೋಲಾರದ ಜವಳಿ ಅಂಗಡಿಯವರದು ಇನ್ನೊಂದು ಚರಿತ್ರೆ. ಪಕ್ಕಾ ಬಣ್ಣ ಎಂದು ಕೊಟ್ಟ ಕೆಂಪು ಸೀರೆ ಒಂದೇ ಒಗೆತಕ್ಕೆ ಮಾವನವರ ಪಂಚೆಗಳನ್ನೆಲ್ಲ ಗುಲಾಬಿ ಮಾಡಿತು. ಮಾವನವರು ಬಹಳ ಸೌಮ್ಯ ಸ್ವಭಾವದವರು, ಹದಿನೈದು ದಿನ ಗುಲಾಬಿ ಪಂಚೆಯಲ್ಲಿಯೇ ಪೇಟೆಗೆ ಹೋಗಿ ಬಂದರು. ಅಂಗಡಿಯವರು ಮಾತ್ರ ಊಟಕ್ಕೆ ಬರಲು ಸುತರಾಂ ಒಪ್ಪಲಿಲ್ಲ. ಹೊಸ ಸೀರೆ ಕೊಡ್ತೀನಿ, ಎರಡು ಕೊಡ್ತೀನಿ, ಮುಳಬಾಗಿಲಿಗೆ ಬಂದು ಎಲೆ ಮುಂದೆ ಮಾತ್ರ ಕೂರಲ್ಲ ಎಂದರು. ಅವರು ಬರದಿದ್ದರೇನು? ಅತ್ತೆಯವರು ಕ್ಯಾರಿಯರ್ ಕಟ್ಟಿ, ನನ್ನನ್ನೂ ಕರೆದುಕೊಂಡು, ಇದ್ದಿಲು ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಕೋಲಾರಕ್ಕೇ ಹೋದರು. ಗಿರಾಕಿಗಳ ನಡುವೆ ಅಂಗಡಿಯ ಮೆತ್ತೆಯ ಮೇಲೆ ಎಲೆ ಹಾಸಿದರು. ಅವರಿಗೆ ಬೇರೆ ದಾರಿಯಿರಲಿಲ್ಲ. ಬಣ್ಣದ ವಿಷಯ ಗೊಣಗುವ ದನಿಯಲ್ಲಿ ಒಪ್ಪಿಕೊಂಡು, ಹುಳಿಯನ್ನದ ಮೊದಲನೆಯ ತುತ್ತು ಬಾಯಿಗಿಟ್ಟರು.

ಪರಿಣಾಮ? ಅತ್ತೆಯವರು ಕೈಯಾರೆ ಬಡಿಸಿ ಉಣ್ಣಿಸಿದ್ದನ್ನು ನೋಡಿದ ಹೆಂಗಸರು, ಇದು ನಮ್ಮತ್ತೆಯವರ ನೆಂಟರ ಅಂಗಡಿ ಎಂದು ನಮ್ಮೂರಿನವರೆಗೂ ಹಬ್ಬಿಸಿದರು. ಮುಳಬಾಗಿಲಿನಿಂದ ಯಾರೇ ಜವಳಿಗೆ ಹೋಗಲಿ, "ನಾವೂ ನಿಮ್ಮ ಸಂಬಂಧವೇ ಅಲ್ವಾ?" ಎಂದು ಬೆಲೆ ಇಳಿಸತೊಡಗಿದರು. ಅಂಗಡಿಯವರು ಆ ಊಟವನ್ನು ಸಾಯುವ ತನಕ ಅರಗಿಸಿಕೊಳ್ಳಲಿಲ್ಲವಂತೆ!

ಅವರೆಕಾಯಿ ಕಾಲದಲ್ಲಿ ಮಾತ್ರ ಈ ಪದ್ಧತಿ ಸ್ವಲ್ಪ ಕೆಟ್ಟಿತು. ನಮ್ಮ ಸೀಮೆಯವರಿಗೆ ಹಿದಕಿದ ಅವರೆಬೇಳೆಯ ಸಾರು ಎಂದರೆ ಏನೆಂದು ನಾನು ವಿವರಿಸಬೇಕೇ? ಚಳಿ ಬಿದ್ದು, ನಮ್ಮ ಒಲೆಯಿಂದ ಆ ವಾಸನೆ ಬೀದಿಗೆ ಇಳಿಯುತ್ತಿದ್ದಂತೆ ಊರಿನಲ್ಲಿ ಮೋಸ ಹೆಚ್ಚಾಯಿತು. ಸೊಪ್ಪಿನವಳು ಕಟ್ಟು ಸಣ್ಣದು ಮಾಡಿದಳು. ಹಾಲಿನವನು ನೀರನ್ನು ನಮ್ಮ ಬಾಗಿಲಲ್ಲಿಯೇ, ನಮಗೆ ಕಾಣುವಂತೆಯೇ ಬೆರೆಸಿದ! ಮೂರನೆಯ ದಿನ ಹಜಾರದಲ್ಲಿ ನಾಲ್ಕು ಎಲೆ ಜಾಸ್ತಿ ಕಂಡಾಗ ಮಾವನವರು ನಿಧಾನವಾಗಿ ಕೇಳಿದರು: "ಏನೇ, ಊರಲ್ಲಿ ಪ್ರಾಮಾಣಿಕರು ಯಾರೂ ಉಳೀಲಿಲ್ವಾ?"

"ಇದಾರೆ. ಅವ್ರಿಗೂ ಕಳ್ಸಿದೀನಿ ಒಂದೊಂದು ಬಟ್ಲು."

ಇಂಥ ಅತ್ತೆಯವರಿಗೆ ನನ್ನ ಇಂಗ್ಲಿಷು ಬೇಕಾದದ್ದು ಬಳೆಗಳ ದೆಸೆಯಿಂದ. ಯಾವುದೋ ಪತ್ರಿಕೆಯ ಜಾಹೀರಾತು ನೋಡಿ ದೂರದ ಉತ್ತರದ ಊರಿನಿಂದ, ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಯಲ್ಲಿ 'ಹೊಸ ಚಿನ್ನ'ದ ಬಳೆ ತರಿಸಿದ್ದರು. ಎಂದೆಂದೂ ಕಪ್ಪಾಗದಂತೆ! ತಮಾಷೆ ನೋಡಿ, ಬೀಗರು ಚಿನ್ನದ ಗಣಿ ಊರಿನವರು, ಬಳೆ ಬಂದದ್ದು ಸಾವಿರ ಮೈಲಿ ಆಚೆಯಿಂದ. ಆರು ದಿನಕ್ಕೆ ಬಳೆಯೂ ಕಪ್ಪು, ಕೈಯೂ ಕಪ್ಪು. ಅತ್ತೆಯವರ ಕಣ್ಣು ಮಿನುಗಿತು.

"ಬರೀಮ್ಮಾ ಕಾಗದ. ಊಟಕ್ಕೆ ಬರ್ಲಿ."

"ಅತ್ತೆ, ಅಷ್ಟು ದೂರದಿಂದ ಊಟಕ್ಕೆ ಬರ್ತಾರಾ?"

"ಮೋಸ ಅಷ್ಟು ದೂರದಿಂದ ಬರ್ಲಿಲ್ವಾ?"

ಕಿಟಕಿಯ ಬಳಿ ಕೂತು ಬರೆಯುತ್ತಿದ್ದೆ. ಆ ಮಧ್ಯಾಹ್ನಗಳು ಈಗಲೂ ನನ್ನ ಕನಸಿನಲ್ಲಿ ಬರುತ್ತವೆ. ಕಿಟಕಿಯಾಚೆ ಮುಳಬಾಗಿಲಿನ ಬೆಟ್ಟ, ಒಂದರ ಮೇಲೊಂದು ಒರಗಿ ನಿದ್ದೆ ಹೋದಂತಿದ್ದ ಬಂಡೆಗಳು, ಬಿಸಿಲಿಗೆ ಬಂಡೆಗಳ ಅಂಚು ಕರಗಿ ಅಲ್ಲಾಡುವುದು. ನೋಡುತ್ತಾ ನೋಡುತ್ತಾ ಅದು ನನಗೆ ಬೆಟ್ಟವಾಗಿ ಕಾಣುತ್ತಿರಲಿಲ್ಲ. ಎತ್ತರದ ಕಂಬಗಳು, ಉದ್ದನೆಯ ಕಾರಿಡಾರು, ಎಲ್ಲೋ ಗಂಟೆ ಬಾರಿಸಿದ ಸದ್ದು, ಪುಸ್ತಕಗಳನ್ನು ಎದೆಗವಚಿ ಹಿಡಿದು ಓಡುವ ಹುಡುಗಿಯರು, ಅವರ ಹಿಂದೆ ಸ್ವಲ್ಪ ತಡವಾಗಿ ನಾನು. ಕಾಲೇಜನ್ನು ನಾನು ನೋಡಿಯೇ ಇರಲಿಲ್ಲ, ಆದ್ದರಿಂದ ಎಷ್ಟು ದೊಡ್ಡದು ಬೇಕಾದರೂ ಕಟ್ಟಿಕೊಳ್ಳಬಹುದಾಗಿತ್ತು. ಪೆನ್ನಿನ ಮೊನೆಯಲ್ಲಿ ಶಾಯಿ ಒಣಗಿಹೋಗುತ್ತಿತ್ತು.

"ಎಲ್ಲಿಗ್ ಹೋದೆ?" ಎನ್ನುತ್ತಿದ್ದರು ಅತ್ತೆಯವರು.

"ಇಲ್ಲೇ ಇದೀನಿ ಅತ್ತೆ."

ಬರೆದದ್ದನ್ನೆಲ್ಲ ಕನ್ನಡದಲ್ಲಿ ಹೇಳಬೇಕಾಗಿತ್ತು. ಒಂದು ಮಾತೂ ಬಿಡುವಂತಿರಲಿಲ್ಲ. ಮೊದಲನೆಯ ಕಾಗದವೇ ಕೊನೆಯ ಸಾಲಿನಲ್ಲಿ ತಗಲಿಹಾಕಿಕೊಂಡಿತು.

"'ಯುವರ್ಸ್ ಫೇತ್‌ಫುಲೀ' ಅಂದ್ರೇನು?"

"ನಿಮ್ಮ ನಂಬಿಕೆಯ... ಅಂತ, ಅತ್ತೆ. ಹಾಗೆ ಬರೆಯೋದು ಮ್ಯಾನರ್ಸು."

"ಮೋಸ ಮಾಡಿದೋನಿಗೆ ನಾನ್ಯಾಕೆ ನಂಬಿಕೆಯೋಳು ಆಗ್ಲಿ? ಹೊಡ್ದಾಕು!"

ಕಾನ್ವೆಂಟಿನ ಇಂಗ್ಲಿಷ್ ಸಿಸ್ಟರ್ ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರು. 'ಐ ರಿಮೇನ್, ನಾಟ್ ಯುವರ್ಸ್' ಎಂದು ಮುಗಿಸಿ ಅಂಚೆಗೆ ಹಾಕಿದೆ. ಉತ್ತರ ಬಂತು: ನಿಮ್ಮ ದೂರು ನಮ್ಮ ಗಮನದಲ್ಲಿದೆ. ಅತ್ತೆಯವರು ಮೂಗಿನ ಮೇಲೆ ಬೆರಳಿಟ್ಟರು. "ಗಮನ ಯಾರಿಗ್ ಬೇಕು? ಹೊಟ್ಟೆ ತರೋಕೆ ಹೇಳು."

ಪ್ರತಿ ಸೋಮವಾರ ಒಂದು ಕಾಗದ ಹೋಯಿತು. ಬಳೆ ಮರೆತುಹೋಗಿ ನನಗೆ ಬರೆಯುವುದರಲ್ಲೇ ಒಂದು ಬಗೆಯ ಸುಖ ಹತ್ತಿತು. 'ವೈ ಹ್ಯಾವ್ ಯು ನಾಟ್ ಕೆಪ್ಟ್ ಯುವರ್ ವರ್ಡ್?' ಎಂದು ಬರೆಯುವಾಗ ಪೆನ್ನನ್ನು ಸ್ವಲ್ಪ ಜೋರಾಗಿಯೇ ಒತ್ತುತ್ತಿದ್ದೆ. ಕೊಟ್ಟ ಮಾತನ್ನು ಯಾಕೆ ಉಳಿಸಿಕೊಳ್ಳಲಿಲ್ಲ? ಆ ವಾಕ್ಯವನ್ನು ಯಾರಿಗೆ ಬರೆಯುತ್ತಿದ್ದೇನೆ ಎಂದು ನನಗೇ ಅನುಮಾನವಾಗುತ್ತಿತ್ತು. ಸಾವಿರ ಮೈಲಿಯಾಚೆಯ ಮೋಸ ಕಾಣುವ ಕಣ್ಣಿಗೆ ಪಕ್ಕದಲ್ಲಿ ಕೂತವಳು ಕಾಣುವುದಿಲ್ಲವೇ? ಅತ್ತೆಯವರು ಅದರ ಅರ್ಥ ಕೇಳಿ, "ಚೆನ್ನಾಗಿದೆ. ಪ್ರತಿ ಸಲಾನೂ ಹಾಕು" ಎಂದರು. 'ವೈ' ಎಂದರೆ 'ಯಾಕೆ' ಎಂಬುದನ್ನೂ ಕಲಿತುಬಿಟ್ಟರು. ಹಾಲು ಉಕ್ಕಿದರೆ, "ವೈ ಉಕ್ಕಿತು?" ಎಂದು ನನ್ನನ್ನೇ ಕೇಳುತ್ತಿದ್ದರು!

ಮೂರನೆಯ ಜೂನ್ ಹತ್ತಿರ ಬರುತ್ತಿತ್ತು. ಇದೂ ಹೋದರೆ ಇನ್ನು ಕೇಳುವ ಮುಖವೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಡಿಲಿಗೊಂದು ಮಗು ಬಂದಮೇಲೆ ಯಾವ ಸೊಸೆ ಕಾಲೇಜಿನ ಮಾತೆತ್ತುತ್ತಾಳೆ?

ಅಂಥ ಒಂದು ದಿನ, ನಂಬುತ್ತೀರೋ ಬಿಡುತ್ತೀರೋ, ಬಳೆ ಕಂಪನಿಯ ಏಜೆಂಟರು ಬಂದೇಬಿಟ್ಟರು! ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಆಫೀಸಂತೆ, ನಮ್ಮ ಕಾಗದಗಳನ್ನೆಲ್ಲ ಕಂಪನಿ ಅಲ್ಲಿಗೇ ಕಳಿಸುತ್ತಿತ್ತಂತೆ. ಮಲಯಾಳದ ಕಡೆಯವರು, ಕನ್ನಡ ತೆಲುಗು ಎರಡೂ ಬಾರದವರು. ಬೆವರಿದ ಟೋಪಿ ಕೈಯಲ್ಲಿ ಹಿಡಿದು, ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದರು: "ಮೇಡಮ್, ನಾನು ಊಟಕ್ಕೆ ಬಂದಿದ್ದೇನೆ."

ಹಜಾರದಲ್ಲಿ ಎಲೆ ಬಿತ್ತು. ನಾನು ನಡುವೆ ನಿಂತು ಅತ್ತಲಿನದು ಇತ್ತ, ಇತ್ತಲಿನದು ಅತ್ತ ಹೇಳಿದೆ. ಏಜೆಂಟರು ಟೋಪಿ ಪಕ್ಕಕ್ಕಿಟ್ಟು, ಬಳೆ ಕಪ್ಪಾಗುತ್ತದೆ ಎಂದು ನಮಗೆ ಗೊತ್ತಿತ್ತು, ಗೊತ್ತಿದ್ದೂ ಮಾರಿದೆವು ಎಂದರು. "ಗೊತ್ತಿತ್ತಂತೆ ಅತ್ತೆ." ಅತ್ತೆಯವರು ತಲೆಯಾಡಿಸಿ ಮುದ್ದೆ ಇಟ್ಟರು. ಪಾಪ, ಆ ಮನುಷ್ಯ ಮುದ್ದೆಯನ್ನು ಅಗಿಯತೊಡಗಿದರು! ಅಗಿದರು, ಅಗಿದರು, ಕಣ್ಣಲ್ಲಿ ನೀರು ಬಂತು. ನಮ್ಮ ಮಾವನವರು ಜನ್ಮದಲ್ಲಿ ಆಡಿದ ಒಂದೇ ಒಂದು ಇಂಗ್ಲಿಷ್ ವಾಕ್ಯ ಆಗ ಹೊರಬಿತ್ತು: "ನೋ ಟೀತ್, ಸಾರ್! ಓನ್ಲಿ ಗಂಟಲು!"

ಕೈ ತೊಳೆದು ಹೊರಡುವಾಗ ಏಜೆಂಟರು ನನ್ನತ್ತ ತಿರುಗಿದರು. ನಿಮ್ಮ ಕಾಗದಗಳನ್ನು ಆಫೀಸಿನಲ್ಲಿ ಎಲ್ಲರೂ ಓದುತ್ತೇವೆ, ಪ್ರತಿ ವಾರ ಕಾಯುತ್ತೇವೆ, ನೀವು ಓದಿದ್ದು ಯಾವ ಕಾಲೇಜು ಎಂದು ಕೇಳಿದರು.

ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ.

"ಏನಂತೆ?" ಅತ್ತೆಯವರ ದನಿ. "ಒಂದು ಮಾತೂ ಬಿಡ್ಬಾರ್ದು."

"ಯಾವ ಕಾಲೇಜು ಅಂತ ಕೇಳ್ತಿದಾರೆ ಅತ್ತೆ."

"ನೀನೇನಂದೆ?"

"ಹೋಗ್ಬೇಕಾಗಿತ್ತು, ಹೋಗ್ಲಿಲ್ಲ ಅಂದೆ."

ಆ ಮನುಷ್ಯನಿಗೆ ನಮ್ಮ ಮನೆಯ ಕಥೆ ಏನು ಗೊತ್ತು? ಮುಗ್ಧವಾಗಿ ಕೇಳಿದರು: "ವೈ?"

ಆ ಒಂದು ಮಾತಿಗೆ ಭಾಷಾಂತರ ಬೇಕಾಗಿರಲಿಲ್ಲ. ಅತ್ತೆಯವರು ನನ್ನ ಉತ್ತರಕ್ಕೆ ಕಾದರು. ನಾನು ಎಂಜಲೆಲೆ ಎತ್ತಲು ಬಗ್ಗಿದೆ. ಏಜೆಂಟರು ಟೋಪಿ ಹಾಕಿಕೊಂಡು ಬಿಸಿಲಿಗೆ ಇಳಿದರು.

ಮಾರನೆಯ ದಿನ ಮಾವನವರ ಊಟ ಆದಮೇಲೆ ಅತ್ತೆಯವರು ಮತ್ತೊಂದು ಎಲೆ ಹಾಕಿದರು. ನೀರು ಚಿಮುಕಿಸಿ ತಾವೇ ಒರೆಸಿದರು.

"ಯಾರು ಬರ್ತಾರೆ ಅತ್ತೆ?"

"ಬಂದಾಯ್ತು" ಎಂದು, ಸೆರಗು ಸರಿಮಾಡಿಕೊಂಡು ತಾವೇ ಆ ಎಲೆಯ ಮುಂದೆ ಕೂತರು! ಹೊರಗೆ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮಾವನವರು ಕೈ ನಿಲ್ಲಿಸಿದರು.

"ಹೆಣ್ಣು ನೋಡೋಕ್ ಬಂದಾಗ," ಎಂದು ಅತ್ತೆಯವರು ಗಟ್ಟಿಯಾಗಿ, ಬೀದಿಗೆ ಕೇಳುವಂತೆ ಶುರುಮಾಡಿದರು, "ಈ ಹುಡುಗೀನ ಓದುಸ್ತೀನಿ ಅಂತ ಅವರಪ್ಪನಿಗೆ ಮಾತು ಕೊಟ್ಟೆ. ಎರಡು ವರ್ಷ ಮರ್ತೆ." ನಿಲ್ಲಿಸಿದರು. ಎಲೆಯ ಮೇಲೆ ಬೆರಳಿನಿಂದ ನೀರಿನ ಗೆರೆ ಎಳೆದರು. ಆಮೇಲಿನ ದನಿ ಬೀದಿಗೆ ಕೇಳುವಂಥದ್ದಾಗಿರಲಿಲ್ಲ. "ಮರೀಲಿಲ್ಲ ಕಣೇ. ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ನಂಗೆ ಹೆಣ್ಮಕ್ಕಳಿಲ್ಲ. ನೀನ್ ಬಂದ್ಮೇಲೆ ಮಧ್ಯಾಹ್ನದ ಹೊತ್ತು ಮಾತಿಗೊಬ್ಬರು ಸಿಕ್ಕಿದ್ರಲ್ಲಾ ಅಂತ. ಕಳ್ಸಿದ್ರೆ ಮನೆ ಬಿಕೋ ಅನ್ನುತ್ತಲ್ಲಾ ಅಂತ."

ನಾನು ಕಂಬ ಹಿಡಿದು ನಿಂತೆ.

"ನಿಂತ್ಕೊಂಡ್ರೆ ಆಯ್ತಾ? ಮೋಸ ಹೋದೋರು ಬಡಿಸ್ಬೇಕು. ಬಡ್ಸೇ!"

ಬಡಿಸಿದೆ. ಮುದ್ದೆ ಇಟ್ಟೆ, ಸಾರು ಹುಯ್ದೆ. ಅದುವರೆಗೂ ನಮ್ಮತ್ತೆಯವರು ನನಗಿಂತ ಮೊದಲು ಊಟಕ್ಕೆ ಕೂತದ್ದನ್ನು ನಾನು ಕಂಡಿರಲಿಲ್ಲ. ಹಸಿದ ಮಗುವಿನಂತೆ ತಲೆ ಬಗ್ಗಿಸಿ, ಒಂದು ತುತ್ತೂ ಬಿಡದೆ ಉಂಡರು. ಶನಿವಾರ ಬಂದ ನಮ್ಮವರು ಸಮಾಚಾರ ಕೇಳಿ ಉಗುರು ನೋಡಿಕೊಳ್ಳಲಿಲ್ಲ, ಅಟ್ಟದಿಂದ ನನ್ನ ಟ್ರಂಕ್ ಇಳಿಸಿದರು.

ಬೆಂಗಳೂರಿನ ಕಾಲೇಜಿನ ಕಾರಿಡಾರು ನಾನು ಬೆಟ್ಟದಲ್ಲಿ ಕಟ್ಟಿದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. ಸುಣ್ಣ ಉದುರಿದ ಗೋಡೆ, ಮೂಲೆಯಲ್ಲಿ ಮಣ್ಣಿನ ನೀರಿನ ಗಡಿಗೆ. ಅದರಷ್ಟು ಚೆಂದದ ಜಾಗವನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ. ಗುಮಾಸ್ತರು ಫಾರಂ ಮುಂದೆ ತಳ್ಳಿ, "ಗಾರ್ಡಿಯನ್ ಸೈನ್ ಬೇಕು. ಗಂಡಸರು ಯಾರು ಬಂದಿದಾರೆ?" ಎಂದರು. ನಮ್ಮವರು ಪೆನ್ನಿಗೆ ಕೈಚಾಚಿದರು.

ಅತ್ತೆಯವರು ಪೆನ್ನು ಕಿತ್ತುಕೊಂಡರು. "ಮಾತು ಕೊಟ್ಟೋಳು ನಾನಪ್ಪಾ. ಸೈನೂ ನಂದೇ."

ಗುಮಾಸ್ತರು ಅವರ ಮುಖ ನೋಡಿ, ಶಾಯಿ ಬುಡ್ಡಿಯನ್ನು ಅವರತ್ತ ಸರಿಸಿದರು. ಅತ್ತೆಯವರು ಒಂದೊಂದೇ ಅಕ್ಷರವನ್ನು ನೆಲಕ್ಕೆ ರಂಗೋಲಿ ಇಡುವಷ್ಟು ನಿಧಾನವಾಗಿ ಇಟ್ಟರು.

ಹಾಸ್ಟೆಲಿನ ಗೇಟಿನವರೆಗೆ ಬಂದರು. ನಮ್ಮವರ ಹಿಂದೆ ಹತ್ತು ಹೆಜ್ಜೆ ಹೋದವರು ತಿರುಗಿ ಬಂದು, ಗೇಟಿನ ಕಂಬಿಯೊಳಗಿಂದ ಕೈ ತೂರಿಸಿ ನನ್ನ ಕೆನ್ನೆ ಮುಟ್ಟಿದರು.

"ವಾರಕ್ಕೊಂದು ಕಾಗದ ಹಾಕು ಮಗಾ. ಕನ್ನಡದಲ್ಲೇ ಬರಿ. ಯಾರ ಕೈಲೂ ಓದಿಸ್ಕೊಳ್ಳಲ್ಲ, ನಾನೇ ಕೂಡ್ಸಿ ಕೂಡ್ಸಿ ಓದ್ಕೋತೀನಿ."